ಲ್ಯಾಮಿನೇಟ್ ಅಡುಗೆ ಕಟ್ಟೆ, ಆರು ವರ್ಷ ಬಳಸಿದ್ಮೇಲೆ: ಬಣ್ಣ ಆಮೇಲೆ, ಮೊದಲು ಅಂಚು ನೋಡಿ

ನಮ್ಮ ಅಡುಗೆಮನೇಲಿ ಈಗಿರೋ ಲ್ಯಾಮಿನೇಟ್ ಕಟ್ಟೆ ಹಾಕ್ಸಿ ಆರು ವರ್ಷ ಆಯ್ತು, ಇವತ್ತಿಗೂ ಗಟ್ಟಿಯಾಗಿದೆ. ಅದಕ್ಕೂ ಮುಂಚೆ ಇದ್ದಿದ್ದೂ ಲ್ಯಾಮಿನೇಟೇ, ಅದು ಎರಡು ವರ್ಷ ತುಂಬೋದ್ರೊಳಗೆ ಸಿಂಕ್ ಹತ್ರ ಊದ್ಕೊಂಡು ಎದ್ದುಬಿಡ್ತು. ಎರಡೂ ಕಡಿಮೆ ಬಜೆಟ್ಟಿನವೇ, ಅಂಗಡೀಲಿ ಪಕ್ಕಪಕ್ಕ ಇಟ್ರೆ ಯಾವುದು ಬಾಳತ್ತೆ ಯಾವುದು ಬಾಳಲ್ಲ ಅಂತ ಕಣ್ಣಳತೇಲಿ ಹೇಳೋಕಾಗಲ್ಲ, ಅಷ್ಟು ಒಂದೇ ಥರ. ಹಳೇದನ್ನ ಕಿತ್ತ ದಿನ ಸಿಂಕ್ ಪಕ್ಕದ ಒಂದು ತುಂಡನ್ನ ನಾನು ಎತ್ತಿಟ್ಕೊಂಡೆ, ಯಾಕೆ ಹೀಗಾಯ್ತು ಅಂತ ನೋಡ್ಲೇಬೇಕಿತ್ತು. ಮೇಲಿನ ಹಾಳೆ ಒರೆಸಿದ್ರೆ ಇನ್ನೂ ಹೊಸದರ ಹಾಗೇ ಇತ್ತು, ಬಿರುಕಿಲ್ಲ, ಕಲೆ ಇಲ್ಲ. ಅದರ ಕೆಳಗಿನ ಬೋರ್ಡು ಮಾತ್ರ ಟೀಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿ, ಬೆರಳಲ್ಲಿ ಕೆದಕಿದ್ರೆ ಪುಡಿಪುಡಿಯಾಗಿ ಉದುರ್ತಿತ್ತು. ನಾವು ಅಂಗಡೀಲಿ ಎರಡು ಗಂಟೆ ಕೂತು ಆರಿಸಿದ್ದು ಬಣ್ಣ ಮತ್ತೆ ಡಿಸೈನು, ಕೆಟ್ಟಿದ್ದು ನಾವು ಒಂದು ಪ್ರಶ್ನೇನೂ ಕೇಳದೇ ಇದ್ದ ಭಾಗ.

ಎರಡನೇ ಸಲ ಹಾಗಾಗಬಾರ್ದು ಅಂತ ಸುಮಾರು ಎರಡು ತಿಂಗಳು ಸ್ಯಾಂಪಲ್ ತರಿಸಿ, ನೆನೆಹಾಕಿ, ಕುಯ್ಸಿ, ಕಾರ್ಪೆಂಟರ್‌ಗಳನ್ನ ಕೇಳಿ ಕೇಳಿ ತಗೊಂಡೆ. ಈಗ ಯಾರಾದ್ರೂ ಕಡಿಮೆ ಖರ್ಚಲ್ಲಿ ಬಾಳಿಕೆ ಬರೋ ಕಟ್ಟೆ ಬೇಕು, ಗ್ರಾನೈಟು ಕ್ವಾರ್ಟ್ಜ್ ಎಲ್ಲ ಆಗಲ್ಲ ಅಂದ್ರೆ ಅವರಿಗೆ ನಾನು ಲ್ಯಾಮಿನೇಟನ್ನ ಧೈರ್ಯವಾಗಿ ಹೇಳ್ತೀನಿ. ಆದ್ರೆ ಹೇಗೆ ತಗೋಬೇಕು ಅನ್ನೋದನ್ನೂ ಜೊತೇಲೇ ಹೇಳ್ತೀನಿ, ಅದಿಲ್ಲದೆ ಬರೀ ಲ್ಯಾಮಿನೇಟ್ ತಗೊಳ್ಳಿ ಅಂದ್ರೆ ನಮ್ಮ ಮೊದಲನೇ ಕಟ್ಟೆ ಕಥೇನೇ ಅವರ ಮನೇಲೂ ಆಗತ್ತೆ.

ಮೊದಲು ಈ ಹಾಳೆ ಅಂದ್ರೆ ಏನು ಅಂತ. ಪ್ಲಾಸ್ಟಿಕ್ ಶೀಟು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ನಿಜ ನೋಡಿದ್ರೆ ಅದರಲ್ಲಿ ಬಹುಪಾಲು ಕಾಗದ. ಫಿನಾಲಿಕ್ ಅನ್ನೋ ರಾಳದಲ್ಲಿ ಅದ್ದಿದ ಕಂದು ಬಣ್ಣದ ಕ್ರಾಫ್ಟ್ ಪೇಪರ್ ಹಲವು ಪದರ, ಅದರ ಮೇಲೆ ಬಣ್ಣ ಅಥವಾ ಮರದ ಗೆರೆ ಪ್ರಿಂಟ್ ಆಗಿರೋ ಒಂದು ಕಾಗದ, ಅದಕ್ಕೆ ಮೆಲಮೈನ್ ರಾಳ, ಎಲ್ಲಾ ಸೇರಿಸಿ 120 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ, ಕನಿಷ್ಠ 5 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ಪ್ರೆಸ್ ಮಾಡ್ತಾರೆ, ಅಂದ್ರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 50 ಕೆಜಿ ಭಾರ ಕೂತ ಹಾಗೆ. ಹಾಗೆ ಒತ್ತಿ ಬೇಯಿಸಿದ ಮೇಲೆ ಆ ರಾಳ ಮತ್ತೆ ಕರಗಲ್ಲ, ಪದರಗಳೆಲ್ಲ ಸೇರಿ ಒಂದೇ ಗಟ್ಟಿ ಹಾಳೆ. ಇದಕ್ಕೇ ಹೈ ಪ್ರೆಶರ್ ಲ್ಯಾಮಿನೇಟ್, ಎಚ್‌ಪಿಎಲ್ ಅನ್ನೋದು. 1912ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನೀಲಿದ್ದ ಇಬ್ಬರು ಎಂಜಿನಿಯರ್‌ಗಳು ಕರೆಂಟಿನ ಇನ್ಸುಲೇಶನ್ನಿಗೆ ಮೈಕಾ ಬದಲು ಬಳಸೋಕೆ ಅಂತ ಇದನ್ನ ಮಾಡಿದ್ದು, ಮೈಕಾ ಬದಲಿಗೆ ಅನ್ನೋ ಅರ್ಥದಲ್ಲೇ ಫಾರ್ಮೈಕಾ ಅಂತ ಹೆಸರಿಟ್ರು. ಕಾರ್ಪೆಂಟರ್‌ಗಳ ಬಾಯಲ್ಲಿ ಇವತ್ತಿಗೂ ಯಾವ ಕಂಪನಿ ಲ್ಯಾಮಿನೇಟ್ ಆದ್ರೂ ಮೈಕಾನೇ. ಕರೆಂಟಿನ ಹತ್ರ ಇರೋಕೆ ಅಂತ ಹುಟ್ಟಿದ ವಸ್ತು ಅದು, ಅಡುಗೆಮನೆಗೆ ಆಮೇಲೆ ಬಂತು.

ಹಾಗಾಗಿ ಮೇಲ್ಮೈ ಬಗ್ಗೆ ಅಷ್ಟೊಂದು ಹೆದರೋದು ಬೇಡ. ಒಂದೇ ಒಂದು ಎಚ್ಚರಿಕೆ ಇದೆ. ಅಂಗಡೀಲಿ ಲ್ಯಾಮಿನೇಟೆಡ್ ಬೋರ್ಡು ಅಂತ ಹೇಳಿ ತೋರ್ಸೋದ್ರಲ್ಲಿ ಎರಡು ಜಾತಿ ಇರತ್ತೆ. ಒಂದು ಮೇಲೆ ಹೇಳಿದ ಎಚ್‌ಪಿಎಲ್ ಹಾಳೇನ ಬೋರ್ಡಿಗೆ ಅಂಟಿಸಿದ್ದು. ಇನ್ನೊಂದು ಬರೀ ಪ್ರಿಂಟ್ ಆದ ಒಂದು ಕಾಗದಾನ ಕಡಿಮೆ ಒತ್ತಡದಲ್ಲಿ ನೇರವಾಗಿ ಬೋರ್ಡಿನ ಮೇಲೇ ಪ್ರೆಸ್ ಮಾಡಿದ್ದು, ಪ್ರೀ ಲ್ಯಾಮಿನೇಟೆಡ್ ಅಂತಾರಲ್ಲ ಅದು. ಎರಡನೇದು ಬೀರು, ಶೆಲ್ಫು, ಕ್ಯಾಬಿನೆಟ್ ಒಳಭಾಗಕ್ಕೆ ತುಂಬಾ ಚೆನ್ನಾಗಿದೆ, ನಮ್ಮ ಕ್ಯಾಬಿನೆಟ್ಟೆಲ್ಲ ಅದೇ. ಆದ್ರೆ ದಿನಾ ಪಾತ್ರೆ ಎಳೆಯೋ, ನೀರು ಚೆಲ್ಲೋ, ಏನಾದ್ರೂ ಬೀಳೋ ಕಟ್ಟೆಗೆ ಅದು ಸಾಲದು. ಗುರುತು ಹಿಡಿಯೋದು ಸುಲಭ: ಕುಯ್ದ ಅಂಚನ್ನ ಬೆಳಕಿಗೆ ಹಿಡಿದು ನೋಡಿ, ಬಣ್ಣದ ಪದರದ ಕೆಳಗೆ ಮುಕ್ಕಾಲು ಮಿ.ಮೀ. ಆಸುಪಾಸು ದಪ್ಪದ ಕಡು ಕಂದು ಗೆರೆ ಕಂಡ್ರೆ ಅದು ಎಚ್‌ಪಿಎಲ್. ಬಣ್ಣ ಆದ ತಕ್ಷಣ ಮರದ ಪುಡಿ ಶುರುವಾದ್ರೆ ಅಲ್ಲ. ಕುಯ್ದ ತುಂಡು ತೋರ್ಸೋಕೆ ಒಪ್ಪದ ಅಂಗಡೀಲಿ ನಾನಂತೂ ತಗೊಳ್ಳಲ್ಲ.

ಹಾಳೆಗೆ ಗ್ರೇಡೂ ಇದೆ. ಯುರೋಪಿನ ಇಎನ್ 438 ಅನ್ನೋ ಸ್ಟ್ಯಾಂಡರ್ಡಿನಲ್ಲಿ ಮೂರು ಅಂಕಿ ಇರತ್ತೆ, ಮೊದಲನೇದು ಸವೆತ, ಎರಡನೇದು ಪೆಟ್ಟು, ಮೂರನೇದು ಗೀರು, ಒಂದೊಂದನ್ನ ಎಷ್ಟು ತಡೆಯತ್ತೆ ಅಂತ. ಅಡ್ಡ ಮಲಗಿಸಿ ಬಳಸೋ ಸಾಮಾನ್ಯ ಗ್ರೇಡು 333, ಅದಕ್ಕೆ ಎಚ್‌ಜಿಎಸ್ ಅಂತ ಬರೆದಿರ್ತಾರೆ, ಬಾಗಿಸೋಕೆ ಬರೋ ಥರದ್ದಾದ್ರೆ ಎಚ್‌ಜಿಪಿ. ಬಾಗಿಲು ಗೋಡೆಗೆ ಅಂತ ಮಾಡೋ ವಿಜಿಎಸ್ ಹಾಳೆ 222, ಅದನ್ನ ಕಟ್ಟೆಗೆ ಹಾಕಿದ್ರೆ ಬೇಗ ಸವೆಯತ್ತೆ. ಕ್ಯಾಟಲಾಗಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರೋದು ಇದು, ಡಿಸೈನ್ ಪುಟಕ್ಕಿಂತ ಮುಂಚೆ ಅದನ್ನ ತೆಗೆದು ನೋಡಿ.

ಈಗ ಒಳಗಿನ ಬೋರ್ಡು. ದುಡ್ಡು ಉಳೀತು ಅನ್ನಿಸೋದೂ ಇಲ್ಲೇ, ಕಟ್ಟೆ ಕೈ ಕೊಡೋದೂ ಇಲ್ಲೇ. ಬಜೆಟ್ ಕಟ್ಟೆಗಳಲ್ಲಿ ಹೆಚ್ಚಾಗಿ ಇರೋದು ಪಾರ್ಟಿಕಲ್ ಬೋರ್ಡು, ಮರದ ಚೂರುಗಳನ್ನ ಅಂಟಲ್ಲಿ ಕಲಸಿ ಒತ್ತಿದ್ದು. ಪಾರ್ಟಿಕಲ್ ಬೋರ್ಡ್ ಅಂದ ತಕ್ಷಣ ಮೂಗು ಮುರಿಯೋರು ಇದಾರೆ, ಆದ್ರೆ ಅದರಲ್ಲೇ ಸಾದಾ ಬೇರೆ, ತೇವ ತಡೆಯೋದು ಬೇರೆ. ನಾನು ನಾಲ್ಕು ತುಂಡು ತರಿಸಿದ್ದೆ: ಸಾದಾ ಪಾರ್ಟಿಕಲ್ ಬೋರ್ಡು, ತೇವ ತಡೆಯೋ ಪಾರ್ಟಿಕಲ್ ಬೋರ್ಡು, ಎಂಡಿಎಫ್ (ಮರದ ನಾರನ್ನ ಅಂಟಲ್ಲಿ ಒತ್ತಿದ ಬೋರ್ಡು), ಬಾಯ್ಲಿಂಗ್ ವಾಟರ್ ಪ್ರೂಫ್ ಪ್ಲೈವುಡ್. ನಾಲ್ಕರ ದಪ್ಪಾನೂ ಪೆನ್ಸಿಲ್ಲಲ್ಲಿ ಬರೆದಿಟ್ಟು ಒಂದು ಟಬ್ಬಲ್ಲಿ 24 ಗಂಟೆ ಮುಳುಗಿಸಿದೆ, ಲ್ಯಾಬಲ್ಲಿ ಬೋರ್ಡ್ ಊದೋದನ್ನ ಅಳೆಯೋಕೂ 24 ಗಂಟೆ ನೆನೆಹಾಕೋ ಕ್ರಮ ಇದೆ. ಮಾರನೇ ದಿನ ತೆಗೆದಾಗ ಸಾದಾ ಪಾರ್ಟಿಕಲ್ ಬೋರ್ಡು ಅಳೆಯೋದೇ ಬೇಡ, ಅಂಚು ದಪ್ಪ ಆಗಿ ಮೂಲೆ ಬಿರಿದಿತ್ತು. ತೇವ ತಡೆಯೋದು ಊದಿತ್ತು, ಇಲ್ಲ ಅನ್ನಲ್ಲ, ಆದ್ರೆ ಸ್ವಲ್ಪ, ಗಟ್ಟಿತನ ಹೋಗಿರ್ಲಿಲ್ಲ. ಎಂಡಿಎಫ್ ಅಂಚು ಹತ್ತಿ ಥರ ಮೃದು ಆಗಿತ್ತು. ಪ್ಲೈ ಬಣ್ಣ ಕಪ್ಪಾಯ್ತು ಅಷ್ಟೇ. ಮುಖ್ಯವಾದ ವಿಷಯ ಆಮೇಲೆ ಗೊತ್ತಾಯ್ತು, ಎರಡು ವಾರ ನೆರಳಲ್ಲಿ ಒಣಗಿಸಿದ ಮೇಲೂ ಸಾದಾ ಬೋರ್ಡು ಮೊದಲಿನ ದಪ್ಪಕ್ಕೆ ವಾಪಸ್ ಬರಲೇ ಇಲ್ಲ. ಒಂದು ಸಲ ಊದಿದ್ರೆ ಮುಗೀತು, ಒಣಗಿದ್ರೆ ಸರಿ ಹೋಗತ್ತೆ ಅಂತ ಕಾಯೋದು ಸುಮ್ನೆ.

ತೇವ ತಡೆಯೋ ಬೋರ್ಡನ್ನ ಕುಯ್ದ್ರೆ ಒಳಗೆ ಹಸಿರು ಚುಕ್ಕೆ ಅಥವಾ ಹಸಿರು ಬಣ್ಣ ಕಾಣೋದು ವಾಡಿಕೆ. ಆ ಹಸಿರು ಬರೀ ಗುರುತಿಗೆ ಹಾಕೋ ಬಣ್ಣ, ನೀರು ತಡೆಯೋದು ಅದರ ಅಂಟು. ಹಸಿರಿದೆ ಅಂದ ಮಾತ್ರಕ್ಕೆ ನಂಬಬೇಡಿ, ಗ್ರೇಡ್ ಕೇಳಿ, ಪಾರ್ಟಿಕಲ್ ಬೋರ್ಡಿನ ಯುರೋಪ್ ಸ್ಟ್ಯಾಂಡರ್ಡ್ ಇಎನ್ 312ರಲ್ಲಿ ಪಿ3 ಮತ್ತೆ ಪಿ5 ತೇವ ಇರೋ ಜಾಗದ ಗ್ರೇಡುಗಳು, ಪಿ2 ಒಣ ಜಾಗದ್ದು. ಇನ್ನೂ ಒಂದು, ತೇವ ತಡೆಯೋದು ಅಂದ್ರೆ ವಾಟರ್‌ಪ್ರೂಫ್ ಅಂತಲ್ಲ, ಗಾಳೀಲಿರೋ ತೇವ, ಆಗಾಗ ಚೆಲ್ಲೋ ನೀರು ತಡಕೊಳ್ಳತ್ತೆ, ದಿನಾ ನೀರು ಜಿನುಗ್ತಾ ಇದ್ರೆ ಅದೂ ಸೋಲತ್ತೆ.

ಹಾಗಾದ್ರೆ ಪ್ಲೈವುಡ್ಡೇ ಹಾಕ್ಬಹುದಲ್ಲ ಅಂತ ಕೇಳ್ತೀರ. ಹಾಕ್ಬಹುದು, ಸ್ಕ್ರೂ ಚೆನ್ನಾಗಿ ಕಚ್ಚತ್ತೆ, ನೀರಿಗೆ ಅದೇ ಮೇಲು. ಆದ್ರೆ ಪ್ಲೈ ಮೇಲೆ ಹಾಳೇನ ಮನೇಲೇ ಕಾರ್ಪೆಂಟರ್ ಕೈಯಲ್ಲಿ ಅಂಟಿಸಬೇಕಾಗತ್ತೆ ಬಹಳ ಸಲ, ಅಂಟು ಸಮ ಹರಡದೆ ಇದ್ರೆ, ಭಾರ ಇಡದೆ ಇದ್ರೆ ಒಂದೆರಡು ವರ್ಷದಲ್ಲಿ ಗಾಳಿಗುಳ್ಳೆ ಏಳತ್ತೆ, ಅಂಚು ಬಿಡತ್ತೆ. ಫ್ಯಾಕ್ಟರೀಲಿ ಪ್ರೆಸ್ ಮಾಡಿದ ರೆಡಿಮೇಡ್ ಕಟ್ಟೆಗೆ ಆ ತೊಂದರೆ ಕಡಿಮೆ. ಕೈಯಲ್ಲಿ ಅಂಟಿಸೋದೇ ಆದ್ರೆ ಕೆಳಗಡೆಗೂ ಒಂದು ಬ್ಯಾಲೆನ್ಸಿಂಗ್ ಹಾಳೆ ಹಾಕ್ಸಲೇಬೇಕು, ಮೇಲೆ ಮಾತ್ರ ಹಾಕಿ ಕೆಳಗೆ ಬಿಟ್ರೆ ಎರಡು ಮುಖ ಬೇರೆ ಬೇರೆ ಥರ ತೇವ ಹೀರಿ ಬೋರ್ಡು ಬಾಗತ್ತೆ. ನಾನು ಕೊನೆಗೆ 38 ಮಿ.ಮೀ. ದಪ್ಪದ ತೇವ ತಡೆಯೋ ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಕಟ್ಟೇನೇ ತಗೊಂಡೆ, ಪ್ಲೈಗೆ ಹೋಗ್ತಿದ್ದ ಹೆಚ್ಚಿನ ದುಡ್ಡನ್ನ ಅಂಚು ಮತ್ತೆ ಫಿಟ್ಟಿಂಗಿಗೆ ಹಾಕೋಣ ಅಂತ. ಆ ಲೆಕ್ಕ ಸರಿ ಇತ್ತು ಅಂತ ಈಗ ಅನ್ನಿಸ್ತಿದೆ.

ಅಂಚಿನ ವಿಷಯಕ್ಕೆ ಬರೋಣ. ಮುಂದಿನ ಅಂಚು ಎರಡು ಥರ ಬರತ್ತೆ. ಒಂದು ಪೋಸ್ಟ್‌ಫಾರ್ಮ್, ಹಾಳೇನ ಬಿಸಿ ಮಾಡಿ ಮುಂದಿನ ಅಂಚಿನ ಮೇಲಿಂದ ಕೆಳಗೆ ಬಾಗಿಸಿರ್ತಾರೆ, ಹಾಗಾಗಿ ಮುಂದುಗಡೆ ಜಾಯಿಂಟೇ ಇರಲ್ಲ. ಇನ್ನೊಂದು ಚೌಕ ಅಂಚು, ಬೇರೆ ಎಡ್ಜ್ ಬ್ಯಾಂಡ್ ಪಟ್ಟಿ ಅಂಟಿಸಿದ್ದು. ಈಗ ಎಲ್ಲ ಕಡೆ ಚೌಕ ಅಂಚಿಗೆ ಡಿಮ್ಯಾಂಡು, ನೋಡೋಕೂ ಅದೇ ಚಂದ, ನನಗೂ ಅದೇ ಇಷ್ಟ ಆಗಿತ್ತು. ಆದ್ರೂ ನಾನು ಉಂಡೆ ಅಂಚಿನ ಪೋಸ್ಟ್‌ಫಾರ್ಮೇ ತಗೊಂಡೆ, ಕಟ್ಟೆ ಒರೆಸುವಾಗ ನೀರು ಮುಂದಕ್ಕೇ ಬರತ್ತೆ, ನಾವು ನಿಂತು ಒರಗೋದೂ ಅಲ್ಲೇ, ಪಾತ್ರೆ ತಾಗೋದೂ ಅಲ್ಲೇ, ಆ ಜಾಗದಲ್ಲಿ ಸಂದು ಇಲ್ಲದೇ ಇರೋದಕ್ಕಿಂತ ದೊಡ್ಡ ಲಾಭ ಕಡಿಮೆ ಬಜೆಟ್ಟಲ್ಲಿ ಬೇರೆ ಸಿಗಲ್ಲ. ಚೌಕ ಅಂಚೇ ಬೇಕು ಅನ್ನೋರು ಪಟ್ಟಿ ದಪ್ಪ ಎಷ್ಟು ಕೇಳಿ, ಕಾಗದದಂಥ ತೆಳು ಪಟ್ಟಿ ಬೇಡ, 1ರಿಂದ 2 ಮಿ.ಮೀ. ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಆದ್ರೆ ಪೆಟ್ಟು ತಡೆಯತ್ತೆ. ಅಂಟು ಪಿಯುಆರ್, ಅಂದ್ರೆ ಪಾಲಿಯುರೆಥೇನ್ ಅಂಟು ಆದ್ರೆ ಒಳ್ಳೇದು, ಮಾಮೂಲಿ ಇವಿಎ ಬಿಸಿ ಅಂಟಿಗಿಂತ ಅದು ನೀರಿಗೂ ಶಾಖಕ್ಕೂ ಚೆನ್ನಾಗಿ ನಿಲ್ಲತ್ತೆ. ಪೋಸ್ಟ್‌ಫಾರ್ಮ್ ತಗೊಳ್ಳೋರು ಕಟ್ಟೇನ ತಿರುಗಿಸಿ ಕೆಳಗಿನಿಂದ ನೋಡಿ, ಬಾಗಿದ ಹಾಳೆ ಎಲ್ಲಿ ಮುಗಿಯತ್ತೋ ಅಲ್ಲಿ ಬೋರ್ಡು ಬರಿಗಣ್ಣಿಗೆ ಕಾಣ್ತಾ ಇರಬಾರ್ದು, ಸೀಲ್ ಮಾಡಿರಬೇಕು. ಮೇಲಿಂದ ಇಳಿದ ನೀರಿನ ಹನಿ ಅಂಚು ಸುತ್ತಿ ಕೆಳಗೆ ಹೋಗಿ ಅಲ್ಲೇ ನಿಲ್ಲತ್ತೆ, ಅಲ್ಲಿಂದಾನೂ ಊದೋದುಂಟು.

ಫಿಟ್ಟಿಂಗ್ ಮಾಡಿದ ಕಾರ್ಪೆಂಟರ್ ಬಗ್ಗೆ ಹೇಳ್ಲೇಬೇಕು. ವಯಸ್ಸಾದೋರು, ಮಾತು ಕಡಿಮೆ. ಅಳತೆ ತಗೊಳ್ಳೋಕೆ ಬಂದ ದಿನಾನೇ ನಾನು ಹಳೇ ಊದಿದ ತುಂಡು ತೋರ್ಸಿದೆ. ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ್ರು, ‘ಅಕ್ಕ, ನೀರು ಮೇಲಿಂದ ಇಳಿಯಲ್ಲ, ಪಕ್ಕದಿಂದ ನುಗ್ಗತ್ತೆ. ಇವರು ಕುಯ್ದಿದಾರೆ, ಬಾಯಿ ಮುಚ್ಚಿಲ್ಲ’ ಅಂತ. ಸಿಂಕಿಗೆ ತೂತು ಕುಯ್ದ್ರೆ ಸುತ್ತಲೂ ಬೋರ್ಡು ಬೆತ್ತಲೆ ಆಗತ್ತೆ, ಆ ಬೆತ್ತಲೆ ಅಂಚಿಗೆ ಏನೂ ಹಚ್ಚದೆ ಸಿಂಕ್ ಕೂರ್ಸಿ ಮೇಲಿಂದ ಒಂದು ಗೆರೆ ಸಿಲಿಕಾನ್ ಎಳೆದು ಹೋಗಿದ್ರು ಹಿಂದಿನೋರು. ಆ ಸಿಲಿಕಾನ್ ಎಲ್ಲೋ ಒಂದು ಕಡೆ ಕೂದಲಿನಷ್ಟು ಬಿಟ್ಟಿರತ್ತೆ, ದಿನಾ ನಾಲ್ಕು ಹನಿ ಒಳಗೆ ಹೋಗಿರತ್ತೆ, ಮೇಲೆ ಏನೂ ಕಾಣಲ್ಲ.

ಇವರು ಮಾಡಿದ ರೀತೀನ ಪೂರ್ತಿ ನಿಂತು ನೋಡಿದೀನಿ, ಹಾಗಾಗಿ ವಿವರವಾಗಿ ಬರೀತೀನಿ. ಕಟ್ಟೇನ ತಂದು ಎರಡು ದಿನ ಅಡುಗೆಮನೇಲೇ ಸಮವಾಗಿ ಮಲಗಿಸಿಟ್ರು, ಆ ಕೋಣೆಯ ಹವೆಗೆ ಬೋರ್ಡು ಹೊಂದ್ಕೊಳ್ಲಿ ಅಂತ. ಆಮೇಲೆ ಸಿಂಕಿನ ಗುರುತು ಹಾಕಿ ಮೊದಲು ನಾಲ್ಕು ಮೂಲೇಲೂ ದುಂಡಗಿನ ತೂತು ಕೊರೆದು ಅದಾದ್ಮೇಲೆ ಆ ತೂತುಗಳನ್ನ ಸೇರಿಸಿ ಕುಯ್ದ್ರು. ಮೂಲೆ ಚೂಪಾಗಿ ಚೌಕವಾಗಿ ಕುಯ್ದ್ರೆ ಅಲ್ಲಿಂದ ಹಾಳೇಲಿ ಬಿರುಕು ಶುರುವಾಗತ್ತಂತೆ, ದುಂಡಗಿದ್ರೆ ಎಳೆತ ಹಂಚಿ ಹೋಗತ್ತೆ. ಕುಯ್ದ ಅಂಚಿನ ಧೂಳೆಲ್ಲ ಬ್ರಷ್ಷಲ್ಲಿ ತೆಗೆದು ಪಾಲಿಯುರೆಥೇನ್ ವಾರ್ನಿಷ್ ಹಚ್ಚಿ, ಒಣಗಿಸಿ, ಮತ್ತೆ ಇನ್ನೊಂದು ಕೋಟ್ ಹಚ್ಚಿದ್ರು. ಮೊದಲನೇ ಕೋಟನ್ನ ಬೋರ್ಡು ನೀರು ಕುಡಿದ ಹಾಗೆ ಕುಡೀತು, ಒಂದೇ ಕೋಟಿಗೆ ನಿಲ್ಲಿಸಿದ್ರೆ ಏನೂ ಹಚ್ಚಿಲ್ಲ ಅನ್ನೋ ಹಾಗೇ ಇರ್ತಿತ್ತು. ಬಿಳಿ ಮರದ ಅಂಟು ಹಚ್ಚಿದ್ರೆ ಸಾಕಲ್ವಾ ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ್ರು, ಅದು ನೀರಲ್ಲಿ ಮೆತ್ತಗಾಗತ್ತೆ ಅಂತ. ನಲ್ಲಿ ತೂತಿಗೂ ಅದೇ ಉಪಚಾರ, ಎರಡು ಕೋಟ್, ಒಳಗಿನ ಗೋಡೆಗೆಲ್ಲ. ಈ ನಲ್ಲಿ ತೂತನ್ನ ತುಂಬಾ ಜನ ಮರೀತಾರೆ ನೋಡಿ, ಸಿಂಕಿನ ಸುತ್ತ ಎಷ್ಟೋ ಎಚ್ಚರಿಕೆ ಮಾಡಿ ನಲ್ಲಿ ಬುಡದಲ್ಲಿ ಬೋರ್ಡ್ ಹಾಗೇ ಬಿಟ್ಟಿರ್ತಾರೆ, ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದಾಗೆಲ್ಲ ನೀರು ಇಳಿಯೋದು ಅಲ್ಲಿಗೇ. ಆಮೇಲೆ ಸಿಂಕಿನ ಚಾಚಿನ ಕೆಳಗೆ ಸಿಲಿಕಾನ್, ಅದರ ಮೇಲೆ ಸಿಂಕ್, ಕ್ಲಿಪ್ ಬಿಗಿಸಿ, ಹೊರಗೆ ಬಂದಿದ್ದನ್ನ ಒರೆಸಿದ್ರು. ಸಿಲಿಕಾನ್ ಗೆರೆ ಸಿಂಕಿನ ಕೆಳಗಿರಬೇಕು, ಮೇಲೆ ಎಳೆಯೋದು ಬರೀ ಸಮಾಧಾನಕ್ಕೆ.

ಅಂದ ಹಾಗೆ ಅಂಡರ್‌ಮೌಂಟ್ ಸಿಂಕ್, ಅಂದ್ರೆ ಕಟ್ಟೆ ಕೆಳಗಿಂದ ಕೂರೋದು, ಮಾಮೂಲಿ ಲ್ಯಾಮಿನೇಟ್ ಕಟ್ಟೆಗೆ ಹಾಕ್ಸಲೇಬೇಡಿ. ಬೋರ್ಡಿನ ಕುಯ್ದ ಅಂಚು ನೇರವಾಗಿ ನೀರಿಗೆ ಮುಖ ಮಾಡತ್ತೆ. ಅದು ಬೇಕೇ ಬೇಕು ಅಂದ್ರೆ ಕಾಂಪ್ಯಾಕ್ಟ್ ಲ್ಯಾಮಿನೇಟ್ ಅಂತ ಬರತ್ತೆ, 12 ಮಿ.ಮೀ. ಆಸುಪಾಸು ದಪ್ಪ, ಒಳಗೆ ಬೋರ್ಡೇ ಇಲ್ಲ, ಪೂರ್ತಿ ಅದೇ ಕಾಗದ ಮತ್ತೆ ರಾಳದ ಪದರ, ಹಾಗಾಗಿ ಊದೋ ಮಾತೇ ಬರಲ್ಲ. ಬೆಲೆ ಮಾತ್ರ ಬಜೆಟ್ ಲೆಕ್ಕ ದಾಟಿ ಹೋಗತ್ತೆ, ಕುಯ್ಯೋದೂ ಕಷ್ಟ.

ನಮ್ಮದು ಎಲ್ ಆಕಾರದ ಕಟ್ಟೆ, ಮೂಲೇಲಿ ಜಾಯಿಂಟ್ ಬಂತು. ಅದನ್ನ ರೌಟರ್ ಮಿಷನ್ನಲ್ಲಿ ಟೆಂಪ್ಲೇಟ್ ಇಟ್ಟು ಕುಯ್ದು, ಕುಯ್ದ ಎರಡೂ ಮುಖಕ್ಕೆ ಬಣ್ಣಕ್ಕೆ ಹೊಂದೋ ಸೀಲಂಟ್ ಬಳಿದು, ಕೆಳಗಿಂದ ಮೂರು ಬೋಲ್ಟ್ ಹಾಕಿ ಎಳೆದು ಬಿಗಿಸ್ತಾರೆ. ಸೀಲಂಟ್ ಮೇಲೆ ಉಕ್ಕಿ ಬಂದ್ರೇನೇ ಒಳಗೆ ಪೂರ್ತಿ ತುಂಬಿದೆ ಅಂತ ಅರ್ಥ, ಅದನ್ನ ತಕ್ಷಣ ಒರೆಸ್ಬೇಕು. ಜಾಯಿಂಟ್ ಎಲ್ಲಿ ಬರತ್ತೆ ಅನ್ನೋದನ್ನ ಕುಯ್ಯೋಕೆ ಮುಂಚೆ ಕಾಗದದ ಮೇಲೆ ಗೆರೆ ಎಳೆದು ನೋಡಿ, ಸಿಂಕಿನ ಹತ್ರ ಬೇಡ, ಡಿಶ್‌ವಾಷರ್ ಮೇಲೆ ಅಂತೂ ಬೇಡವೇ ಬೇಡ, ಅದರ ಬಾಗಿಲು ತೆಗೆದಾಗ ಬಿಸಿ ಆವಿ ನೇರವಾಗಿ ಕಟ್ಟೆ ಹೊಟ್ಟೆಗೆ ಹೊಡೆಯತ್ತೆ. ಡಿಶ್‌ವಾಷರ್ ಇರೋರು ಅದರ ಮೇಲ್ಗಡೆ ಕಟ್ಟೆಯ ಕೆಳಭಾಗಕ್ಕೆ ಆವಿ ತಡೆಯೋ ಅಲ್ಯೂಮಿನಿಯಂ ಪಟ್ಟಿ ಅಂಟಿಸ್ಕೊಳ್ಳಿ. ಒಲೇನ ಕಟ್ಟೆಯೊಳಗೆ ಕೂರಿಸೋದಾದ್ರೂ ಕುಯ್ದ ಅಂಚಿಗೆ ಅಲ್ಯೂಮಿನಿಯಂ ಟೇಪು ಸುತ್ತಿದ್ರೆ ಶಾಖದಿಂದ ಬೋರ್ಡು ಒಣಗಿ ಬಿರಿಯಲ್ಲ.

ಕಟ್ಟೇನ ಕ್ಯಾಬಿನೆಟ್ಟಿಗೆ ಬಿಗಿಸೋವಾಗ ಉದ್ದ ತೂತಿರೋ ಬ್ರಾಕೆಟ್ ಹಾಕ್ಸಿ, ಹವೆ ಬದಲಾದಾಗ ಬೋರ್ಡು ಒಂಚೂರು ಹಿಗ್ಗಿ ಕುಗ್ಗೋಕೆ ಜಾಗ ಬೇಕು. ಗೋಡೆ ಕಡೆ ಸಂದು ಇದ್ದೇ ಇರತ್ತೆ, ಗೋಡೆ ನೇರ ಇರೋ ಮನೆ ನಾನು ನೋಡಿಲ್ಲ, ಅಲ್ಲೂ ಹಿಂದಿನ ಅಂಚಿಗೆ ವಾರ್ನಿಷ್ ಹಚ್ಚಿ ಫಂಗಸ್ ಹಿಡಿಯದ ಸಿಲಿಕಾನ್ ತುಂಬ್ಸಿ.

ಶಾಖದ ವಿಷಯ ಎಲ್ಲರೂ ಕೇಳೋದು. ಇಎನ್ 438 ಟೆಸ್ಟಲ್ಲಿ ಒಣ ಶಾಖಕ್ಕೆ 160 ಡಿಗ್ರಿ, ತೇವದ ಶಾಖಕ್ಕೆ 100 ಡಿಗ್ರಿ, 20 ನಿಮಿಷ ಇಟ್ಟು ನೋಡ್ತಾರೆ. ಟೀ ಕಪ್ಪು, ಕುದಿಯೋ ನೀರಿನ ಪಾತ್ರೆ ಹಾಳೆಗೆ ಏನೂ ಮಾಡಲ್ಲ. ಆದ್ರೆ ಒಲೆಯಿಂದ ಇಳಿಸಿದ ಖಾಲಿ ಬಾಣಲೆ, ಓವನ್ ಟ್ರೇ 200 ಡಿಗ್ರಿ ಸುಲಭವಾಗಿ ದಾಟತ್ತೆ, ಅದನ್ನ ನೇರ ಇಟ್ರೆ ಹಾಳೆ ಬೆಳ್ಳಗಾಗತ್ತೆ ಇಲ್ಲಾ ಕೆಳಗಿನ ಅಂಟು ಬಿಟ್ಟು ಗುಳ್ಳೆ ಏಳತ್ತೆ, ಅದಕ್ಕೆ ರಿಪೇರಿ ಇಲ್ಲ. ಕಲ್ಲಾದ್ರೆ ಪಾಲಿಶ್ ಮಾಡ್ಸಬಹುದು, ಮರ ಆದ್ರೆ ಉಜ್ಜಿಸಬಹುದು, ಲ್ಯಾಮಿನೇಟಲ್ಲಿ ಬಣ್ಣದ ಕಾಗದ ಮೇಲೇ ಇರತ್ತೆ, ಉಜ್ಜಿದ್ರೆ ಅದೇ ಹೋಗತ್ತೆ. ಬಿಸಿ ಪಾತ್ರೇನ ಎಲ್ಲೆಂದ್ರಲ್ಲಿ ಇಡೋ ಅಭ್ಯಾಸ ಮನೇಲಿ ಬದಲಾಗಲ್ಲ ಅನ್ನೋದಾದ್ರೆ ಒಲೆ ಪಕ್ಕ ಒಂದು ಅಡಿಯಷ್ಟು ಕಲ್ಲಿನ ಚಪ್ಪಡಿ ಅಥವಾ ದೊಡ್ಡ ಟೈಲ್ ಶಾಶ್ವತವಾಗಿ ಇಟ್ಬಿಡಿ. ನಮ್ಮನೇಲಿ ಹಾಗೇ ಮಾಡಿದೀವಿ, ಎಲ್ಲರ ಕೈ ತಾನಾಗೇ ಅಲ್ಲಿಗೇ ಹೋಗತ್ತೆ.

ಬಣ್ಣ ಮತ್ತೆ ಫಿನಿಶ್ ಈಗ ನೋಡಿ. ಕಡು ಬಣ್ಣ, ಅದರಲ್ಲೂ ಹೊಳಪಿನ ಕಪ್ಪು, ಅಂಗಡಿ ಲೈಟಲ್ಲಿ ಕಣ್ಣು ಕುಕ್ಕತ್ತೆ, ಮನೇಲಿ ನೀರಿನ ಉಪ್ಪಿನ ಕಲೆ, ಬೆರಳಚ್ಚು, ಸಣ್ಣ ಗೀರು ಎಲ್ಲಾ ಎತ್ತಿ ತೋರ್ಸತ್ತೆ. ತುಂಬಾ ಒರಟು ಟೆಕ್ಸ್ಚರ್ ಆದ್ರೆ ಗುಂಡೀಲಿ ಎಣ್ಣೆ ಕೊಳೆ ಕೂರತ್ತೆ. ಇವೆರಡರ ಮಧ್ಯದ್ದು, ಮ್ಯಾಟ್ ಅಥವಾ ಸಣ್ಣ ತರಿ ಇರೋ ತಿಳಿ ಬೂದು, ಮರಳು ಬಣ್ಣ, ಚುಕ್ಕೆ ಚುಕ್ಕೆ ಕಲ್ಲಿನ ಥರದ್ದು ಎಲ್ಲವನ್ನೂ ಮರೆಮಾಚತ್ತೆ. ಮರದ ಗೆರೆ ಡಿಸೈನ್ ತಗೊಂಡ್ರೆ ಎಲ್ ಮೂಲೇಲಿ ಗೆರೆಗಳು ಒಂದಕ್ಕೊಂದು ಅಡ್ಡ ಬರತ್ತೆ, ಮೊದಲೇ ಕಲ್ಪಿಸ್ಕೊಳ್ಳಿ. ಸ್ಯಾಂಪಲನ್ನ ಮನೆಗೆ ತಂದು ಕಟ್ಟೆ ಎತ್ತರದಲ್ಲಿ ಮಲಗಿಸಿ ಹಗಲಲ್ಲೂ ರಾತ್ರಿ ಲೈಟಲ್ಲೂ ನೋಡ್ಬೇಕು, ನಿಲ್ಲಿಸಿ ಹಿಡಿದು ನೋಡಿದ ಬಣ್ಣವೇ ಬೇರೆ.

ಇನ್ನು ಆರು ವರ್ಷದಲ್ಲಿ ಏನೇನಾಯ್ತು ಅಂತ ಉಳಿಸದೆ ಹೇಳ್ತೀನಿ. ಸಿಂಕ್ ಸುತ್ತ ಊದಿಲ್ಲ, ವರ್ಷಕ್ಕೆರಡು ಸಲ ಕ್ಯಾಬಿನೆಟ್ ಒಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ಅಂಚನ್ನ ಬೆರಳಲ್ಲಿ ಮುಟ್ಟಿ ನೋಡ್ತೀನಿ, ಇನ್ನೂ ನುಣುಪಾಗಿದೆ. ಮೂಲೆ ಜಾಯಿಂಟ್ ಗೆರೆ ಮೊದಲು ಕಾಣ್ತಾನೇ ಇರ್ಲಿಲ್ಲ, ಈಗ ತೆಳ್ಳಗೆ ಕಾಣತ್ತೆ, ಕೈಗೆ ಮಾತ್ರ ಸಿಗಲ್ಲ. ತೆರೆದ ಪಕ್ಕದ ಕೊನೇಲಿ ಹಾಕಿದ್ದ ಪಟ್ಟಿ ನಾಲ್ಕನೇ ವರ್ಷ ಒಂದು ಮೂಲೇಲಿ ಎದ್ದಿತ್ತು, ತಕ್ಷಣ ಒಣಗಿಸಿ ಅಂಟು ಹಚ್ಚಿ ಟೇಪಲ್ಲಿ ಬಿಗಿದು ಒಂದು ರಾತ್ರಿ ಬಿಟ್ಟೆ, ಸರಿಹೋಯ್ತು. ತಿಂಗಳುಗಟ್ಲೆ ಬಿಟ್ಟಿದ್ರೆ ಒಳಗೆ ನೀರು ಹೋಗಿರೋದು. ಒಲೆ ಎದುರಿಗೆ ಒಂದು ಉದ್ದ ಗೀರಿದೆ, ಅದು ಚಾಕುವಿಂದ ಆಗಿದ್ದಲ್ಲ, ಪಿಂಗಾಣಿ ಜಾಡಿ ಎಳೆದಾಗ ಆಗಿದ್ದು. ಪಿಂಗಾಣಿ ಪಾತ್ರೆಗಳ ತಳದಲ್ಲಿ ಹೊಳಪು ಲೇಪ ಇಲ್ಲದ ಒಂದು ಒರಟು ಉಂಗುರ ಇರತ್ತೆ, ಅದು ಮರಳು ಕಾಗದದ ಥರ ಕೆಲಸ ಮಾಡತ್ತೆ. ಈಗ ಅಂಥ ಪಾತ್ರೆಗಳನ್ನ ಎತ್ತಿ ಇಡ್ತೀವಿ, ಇಲ್ಲಾ ಕೆಳಗೆ ಫೆಲ್ಟ್ ಅಂಟಿಸಿದೀವಿ. ಕುಯ್ಯೋದಕ್ಕೆ ಯಾವತ್ತೂ ಮಣೆ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಕ್ಲೀನಿಂಗ್ ದೊಡ್ಡ ವಿಷಯವೇ ಅಲ್ಲ, ಪಾತ್ರೆ ಸೋಪಿನ ನೀರು, ಮೆತ್ತನೆ ಬಟ್ಟೆ, ಆಮೇಲೆ ಒಣ ಬಟ್ಟೇಲಿ ಒರೆಸೋದು. ಕಾಫಿ, ನಿಂಬೆ ರಸ ಎಲ್ಲ ಬಿಟ್ಟು ಹೋಗತ್ತೆ. ಉಜ್ಜೋ ಪೌಡರು, ಸ್ಟೀಲ್ ಜುಂಗು, ಬ್ಲೀಚು, ಉಪ್ಪಿನ ಕಲೆ ತೆಗೆಯೋ ಗಟ್ಟಿ ಆಸಿಡ್ ಲಿಕ್ವಿಡ್ಡು, ಇವು ನಾಲ್ಕು ಕಟ್ಟೆ ಹತ್ರ ಬರಬಾರ್ದು, ಒಂದು ಸಲ ಮ್ಯಾಟ್ ಫಿನಿಶ್ ಹೋದ್ರೆ ಆ ಜಾಗ ಬೇರೇನೇ ಹೊಳಪಾಗಿ ಕಾಣತ್ತೆ. ಎಲೆಕ್ಟ್ರಿಕ್ ಕೆಟಲ್ ಜಾಯಿಂಟ್ ಮೇಲೆ ಇಡ್ಬೇಡಿ.

ಖರ್ಚು ಎಲ್ಲಿ ಉಳಿಸಬಹುದು ಅಂದ್ರೆ, ಸ್ಟಾಕಲ್ಲಿರೋ ಬಣ್ಣ ತಗೊಳ್ಳಿ, ಸ್ಪೆಷಲ್ ಆರ್ಡರ್ ಬೇಡ. ಆಗೋದಾದ್ರೆ ನೇರ ಕಟ್ಟೆ ಮಾಡಿ, ಒಂದು ಮೂಲೆ ಜಾಯಿಂಟ್ ಕಮ್ಮಿ ಆದ್ರೆ ಕೂಲಿಯೂ ಕಮ್ಮಿ, ತೊಂದರೆ ಬರೋ ಜಾಗಾನೂ ಒಂದು ಕಮ್ಮಿ. ರೆಡಿಮೇಡ್ 600 ಮಿ.ಮೀ. ಅಗಲಕ್ಕೆ ಹೊಂದೋ ಹಾಗೆ ಕ್ಯಾಬಿನೆಟ್ ಮಾಡ್ಸಿದ್ರೆ ವೇಸ್ಟ್ ಆಗಲ್ಲ. ದಪ್ಪ 38ರ ಬದಲು 28 ಆದ್ರೂ ಕೆಳಗೆ ಕ್ಯಾಬಿನೆಟ್ ಆಧಾರ ಪೂರ್ತಿ ಇದ್ರೆ ನಡೆಯತ್ತೆ, ನಾನು ದಪ್ಪ ತಗೊಂಡಿದ್ದು ಡಿಶ್‌ವಾಷರ್ ಜಾಗದಲ್ಲಿ ಕೆಳಗೆ ಆಧಾರ ಇಲ್ಲ ಅಂತ. ಆದ್ರೆ ಒಳಗಿನ ಬೋರ್ಡು, ಕುಯ್ದ ಅಂಚಿನ ವಾರ್ನಿಷ್, ಫಿಟ್ಟಿಂಗ್ ಮಾಡೋರ ಸಮಯ, ಈ ಮೂರರಲ್ಲಿ ಉಳಿಸ್ಬೇಡಿ. ವಾರ್ನಿಷ್ ಕೋಟ್ ಒಣಗೋಕೆ ಕಾಯಬೇಕು ಅಂದ್ರೆ ಕೆಲಸ ಎರಡನೇ ದಿನಕ್ಕೆ ಹೋಗತ್ತೆ, ಒಂದೇ ದಿನದಲ್ಲಿ ಮುಗಿಸಿಕೊಡ್ತೀವಿ ಅನ್ನೋರು ಆ ಹೆಜ್ಜೇನೇ ಬಿಡ್ತಾರೆ. ವಾರಂಟಿ ಕಾಗದದಲ್ಲೂ ಓದಿ ನೋಡಿ, ಕುಯ್ದ ಅಂಚಿಂದ, ಜಾಯಿಂಟಿಂದ ನೀರು ಹೋಗಿ ಊದಿದ್ರೆ ಜವಾಬ್ದಾರಿ ಇಲ್ಲ ಅಂತ ಬರೆದಿರೋದು ಸಾಮಾನ್ಯ. ಸಿಂಕ್ ಕೂರಿಸೋಕೆ ಮುಂಚೆ ಸೀಲ್ ಮಾಡಿದ ಅಂಚಿನ ಫೋಟೋ ತೆಗೆದಿಟ್ಕೊಳ್ಳಿ, ಕೂರಿಸಿದ ಮೇಲೆ ಯಾರಿಗೂ ಕಾಣಲ್ಲ. ಕುಯ್ದು ಉಳಿದ ತುಂಡುಗಳನ್ನೂ ಬಿಸಾಕಬೇಡಿ, ಸಿಂಕಿನ ತೂತಿಂದ ಬಂದ ತುಂಡಲ್ಲೇ ನಾನು ಹೊಸ ಕ್ಲೀನರ್, ಹೊಸ ಅಂಟು ಏನಿದ್ರೂ ಮೊದಲು ಹಚ್ಚಿ ನೋಡೋದು.

ಬಾಡಿಗೆ ಮನೆ, ಮೊದಲನೇ ಮನೆ, ಇನ್ನು ಹತ್ತು ವರ್ಷಕ್ಕೆ ಅಡುಗೆಮನೆ ಮತ್ತೆ ಬದಲಾಯಿಸ್ತೀವಿ ಅನ್ನೋರು, ಇವರೆಲ್ಲರಿಗೂ ಇದು ಸರಿ ಹೊಂದತ್ತೆ. ಕಟ್ಟೆ ಮೇಲೆ ದಿನವಿಡೀ ನೀರು ನಿಂತಿರೋ ಥರ ಕೆಲಸ ಇರೋರಿಗೆ, ಒಂದೇ ಸಲ ಹಾಕ್ಸಿ ಮೂವತ್ತು ವರ್ಷ ನೋಡಬಾರ್ದು ಅನ್ನೋರಿಗೆ ಕಲ್ಲೇ ಸರಿ.

ಈ ವಾರ ಟಾರ್ಚ್ ಬಿಟ್ಟು ನೋಡಿದಾಗ ಗೋಡೆ ಕಡೆ ಸಿಲಿಕಾನ್ ಒಂದು ಗೇಣು ಉದ್ದಕ್ಕೆ ಕಪ್ಪಾಗಿ ಬಿಡೋಕೆ ಶುರುವಾಗಿತ್ತು. ಭಾನುವಾರ ಹಳೇದನ್ನ ಬ್ಲೇಡಲ್ಲಿ ಕಿತ್ತು, ಸ್ಪಿರಿಟಲ್ಲಿ ಒರೆಸಿ, ಹೊಸದು ತುಂಬ್ತೀನಿ. 24 ಗಂಟೆ ಆ ಕಡೆ ನಲ್ಲಿ ತೆಗೆಯೋ ಹಾಗಿಲ್ಲ ಅಂತ ಮನೇಲಿ ಎಲ್ಲರಿಗೂ ಈಗಲೇ ಹೇಳಿಟ್ಟಿದೀನಿ.